ಬಾದಾಮಿ ಹಾಲು ಕಾಯಿಸದ ದಿನ

ಏಪ್ರಿಲ್ 21, ಸೋಮವಾರ

ಈ ಡೈರಿಯ ಮೊದಲ ಪುಟದಲ್ಲಿ ಹೆಸರು, ವಿಳಾಸ ಬರೆಯಲು ಎರಡು ಗೆರೆ ಕೊಟ್ಟಿದ್ದಾರೆ. ನನಗೆ ಎರಡು ಗೆರೆ ಸಾಲದು, ಅದಕ್ಕೆ ಇಲ್ಲಿ ಬರೆಯುತ್ತೇನೆ. ನಾನು ಶಾರದಮ್ಮ. ಒಂಟಿಕೊಪ್ಪಲಿನ ವಕೀಲ ಶಾಮಣ್ಣನವರ ಹೆಂಡತಿ. ಗಂಡನ ಹೆಸರನ್ನು ಬಾಯಲ್ಲಿ ಹೇಳುವ ಪದ್ಧತಿ ನನಗಿಲ್ಲ, ಬರೆಯಲು ಅಡ್ಡಿಯಿಲ್ಲ. ನಮ್ಮ ಮಾವನವರು ಅರಮನೆ ಕಚೇರಿಯಲ್ಲಿ ಗುಮಾಸ್ತರಾಗಿ ಸೇರಿ ಶಿರಸ್ತೇದಾರರಾಗಿ ಹೊರಬಂದವರು. ಈ ಮನೆ ಅವರು ಕಟ್ಟಿಸಿದ್ದು, ಈಗ ನನ್ನ ಹೆಸರಿನಲ್ಲಿದೆ. ಮುಂಭಾಗ ಆಫೀಸು, ಹಿಂಭಾಗ ನಮ್ಮ ಸಂಸಾರ. ಯಜಮಾನರು ಹೋದ ಮೇಲೆ ಆಫೀಸನ್ನು ಮಗ ವಾಗೀಶ ನಡೆಸುತ್ತಿದ್ದಾನೆ. ನಾನು ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸಿನಲ್ಲಿ ಪಾಸಾದವಳು. ಮುಂದೆ ಓದಿಸಲಿಲ್ಲ. ಆದರೆ ಈ ಮನೆಯಲ್ಲಿ ನನ್ನನ್ನು ಕೇಳದೆ ಒಂದು ಕುರ್ಚಿ ಅತ್ತಿತ್ತ ಆಗುವುದಿಲ್ಲ.

ಇಷ್ಟು ವರ್ಷ ಡೈರಿಯಲ್ಲಿ ಹಾಲು, ಗ್ಯಾಸು, ತಿಥಿ ಬಿಟ್ಟು ಬೇರೇನೂ ಬರೆದವಳಲ್ಲ. ಈ ಸಲ ಬರೆಯಬೇಕೆನಿಸಿದೆ. ಮೊಮ್ಮಗಳು ಗಾರ್ಗಿ ಬಂದಿದ್ದಾಳೆ. ಬೆಂಗಳೂರಿನಲ್ಲಿ ಲಾ ಓದುತ್ತಾಳೆ, ನಾಲ್ಕನೇ ವರ್ಷ. ಬೇಸಿಗೆ ರಜೆಯಲ್ಲಿ ಅಪ್ಪನ ಆಫೀಸಿನಲ್ಲೇ ಕೆಲಸ ಕಲಿಯುತ್ತಾಳೆ. ರಜೆಯಲ್ಲಿ ಕಾನೂನು ಕಾಲೇಜಿನ ಮಕ್ಕಳು ಬಂದು ಕಲಿಯುವುದು ಯಜಮಾನರ ಕಾಲದಿಂದಲೂ ಇದೆ. ಆಗ ಅವರನ್ನು ಶಿಷ್ಯರು ಅನ್ನುತ್ತಿದ್ದೆವು. ಈಗ ಇಂಟರ್ನ್ ಅನ್ನುತ್ತಾರೆ.

ಗಾರ್ಗಿ ಬಿಟ್ಟರೆ ಈ ವರ್ಷ ಇನ್ನೊಬ್ಬಳೇ. ಮಂಜುಶ್ರೀ ಅಂತೆ. ಸಿದ್ಧಾರ್ಥನಗರದ ಕಡೆಯವಳು, ಅಪ್ಪ ಶಾಮಿಯಾನ ಬಾಡಿಗೆ ಕೊಡುತ್ತಾನೆ. ಉದ್ದ ಹೆಜ್ಜೆ, ದೊಡ್ಡ ಗಂಟಲು. ಬಂದವಳೇ ನನ್ನನ್ನು ‘ಅಜ್ಜಿ’ ಅಂದಳು. ನಾನು ಅವಳಿಗೆ ಅಜ್ಜಿಯಲ್ಲ, ‘ಅಮ್ಮಾವ್ರು’ ಅನ್ನಬೇಕು ಎಂದು ಹೇಳಿದೆ. ಸರಿ ಅಜ್ಜಿ ಅಂದಳು.

ಶಿಷ್ಯರಿಗೆ ಮಧ್ಯಾಹ್ನದ ಊಟ ನಮ್ಮದೇ. ನಮ್ಮವರಾದರೆ ಒಳಗೆ, ಉಳಿದವರಿಗೆ ಹಿತ್ತಲ ಜಗಲಿಯಲ್ಲಿ ಮುತ್ತುಗದ ಎಲೆ. ಯಾರೂ ಬೇಸರಪಟ್ಟುಕೊಂಡದ್ದಿಲ್ಲ. ಈ ಹುಡುಗಿ ಎಲೆ ನೋಡಿ, ಜಗಲಿ ನೋಡಿ, ಒಳಗೆ ಕೂತಿದ್ದ ಗಾರ್ಗಿಯನ್ನು ನೋಡಿ, ಮನೆಯಿಂದ ಡಬ್ಬಿ ತಂದಿದ್ದೇನೆ ಎಂದು ಆಫೀಸಿಗೆ ಹೋದಳು. ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ. ವಾಸನೆ ನಡುಮನೆಯವರೆಗೂ ಬಂತು. ಅಹಂಕಾರ.

ಏಪ್ರಿಲ್ 25, ಶುಕ್ರವಾರ

ಕುವೆಂಪುನಗರದಿಂದ ನಿವೃತ್ತ ಮೇಷ್ಟರೊಬ್ಬರು ವಿಲ್ ಬರೆಸಿದ್ದರು. ಇವತ್ತು ಸಹಿ ಹಾಕಲು ಬಂದಿದ್ದರು. ನಾನು ಬಾದಾಮಿ ಹಾಲು ಕಾಯಿಸಿ ಬೆಳ್ಳಿ ಲೋಟದಲ್ಲಿ ತೆಗೆದುಕೊಂಡು ಹೋದೆ.

ಇದು ಯಜಮಾನರು ಮಾಡಿದ ಪದ್ಧತಿ. ತನ್ನ ನಂತರ ಇದು ಯಾರಿಗೆ ಎಂದು ಬರೆದುಕೊಟ್ಟ ಮನುಷ್ಯ ಒಣಗಿದ ಬಾಯಲ್ಲಿ ಮನೆಯಿಂದ ಹೋಗಬಾರದು ಎನ್ನುತ್ತಿದ್ದರು. ಸಹಿ ಆದ ಮೇಲೆ ನಾನೇ ಕೈಯಾರೆ ಹಾಲು ಕೊಡಬೇಕು. ಅಡಿಗೆಯವರ ಕೈಲಿ ಕಳಿಸುವ ಹಾಗಿಲ್ಲ. ಮೈಸೂರಿನ ವಕೀಲರಿಗೆಲ್ಲ ಈ ಹಾಲಿನ ವಿಷಯ ಗೊತ್ತು. ತಮಾಷೆಯನ್ನೂ ಮಾಡುತ್ತಾರೆ. ಮಾಡಲಿ.

ಮೇಷ್ಟರು ಹೋದ ಮೇಲೆ ಆ ಹುಡುಗಿ ಲೋಟ ತಂದುಕೊಟ್ಟಳು. ‘ಮಗಂಗೆ ಬರ್ದವ್ರಾ ಮಗ್ಳಿಗೆ ಬರ್ದವ್ರಾ ಅಂತ ಅವ್ರು ಹಾಲು ಕುಡಿಯೋದು ನೋಡಿದ್ರೆ ಗೊತ್ತಾಗುತ್ತಾ ಅಜ್ಜಿ?’ ಎಂದು ಕೇಳಿದಳು. ಅಧಿಕಪ್ರಸಂಗ ಬೇಡ ಅಂದೆ. ಗೊತ್ತಾಗುತ್ತದೆ. ಮಗನಿಗೇ ಎಲ್ಲ ಬರೆದವರು ಒಂದೇ ಗುಟುಕಿನಲ್ಲಿ ಕುಡಿದು ಎದ್ದುಬಿಡುತ್ತಾರೆ. ಆದರೆ ಅದನ್ನು ಅವಳಿಗೆ ಹೇಳುವ ಅಗತ್ಯವಿರಲಿಲ್ಲ.

ಮೇ 6, ಮಂಗಳವಾರ

ಅರಳು ಸಂಡಿಗೆ ಹಾಕಿಸಿದೆ. ಈ ವರ್ಷ ತಾರಸಿಗೆ ಹತ್ತಲು ಮಂಡಿ ಬಿಡಲಿಲ್ಲ, ಮುಂದಿನ ಅಂಗಳದಲ್ಲೇ ಹಳೇ ಪಂಚೆ ಹಾಸಿ ಒಣಹಾಕಿದೆವು. ಕ್ಲೈಂಟುಗಳು ಓಡಾಡುವ ಜಾಗ ಕಣಮ್ಮ ಎಂದು ವಾಗೀಶ ಗೊಣಗಿದ. ಅಂಗಳ ನನ್ನದು ಅಂದೆ. ಕಾಗೆಗಳ ಕಾಟಕ್ಕೆ ಬೆಳಿಗ್ಗೆಯಿಂದ ಸಂಜೆವರೆಗೂ ಗೇಟಿನ ಎದುರೇ ಕುರ್ಚಿ ಹಾಕಿಕೊಂಡು ಕೋಲು ಹಿಡಿದು ಕೂತಿದ್ದೆ. ಊಟವನ್ನೂ ಅಲ್ಲಿಗೇ ತರಿಸಿಕೊಂಡೆ.

ಕೋರ್ಟಿಗೆ ಬೇಸಿಗೆ ರಜೆ, ಆಫೀಸಿಗೆ ಜನ ಕಡಿಮೆ. ಗುರುಮಲ್ಲಪ್ಪ ಒಬ್ಬ ಬಂದಿದ್ದ. ಸಿದ್ಧಾರ್ಥನಗರದ ಸಿದ್ದಮಲ್ಲಪ್ಪನವರ ಮಗ. ಅಪ್ಪ ಹೇಗಿದ್ದಾರೆ ಎಂದು ಕೇಳಿದೆ. ಲಕ್ವ ಹೊಡೆದು ನರ್ಸಿಂಗ್ ಹೋಮಿನಲ್ಲಿದ್ದಾರೆ, ಮಾತಿಲ್ಲ ಅಂದ. ಒಳ್ಳೆಯ ಮನುಷ್ಯರು. ಯಜಮಾನರ ಹಳೆಯ ಕಕ್ಷಿದಾರರು.

ಮಧ್ಯಾಹ್ನ ಆ ಹುಡುಗಿ ಆಫೀಸಿನಿಂದ ನನ್ನ ಹತ್ತಿರ ಬಂದು ನಿಂತಳು. ಮುಖ ಕಪ್ಪಿಟ್ಟಿತ್ತು. ಏನೆಂದು ಕೇಳಿದೆ.

‘ಸರ್ ಒಂದು ಪೇಪರಿಗೆ ಸಾಕ್ಷಿ ಸೈನ್ ಹಾಕು ಅಂತಾವ್ರೆ ಅಜ್ಜಿ. ಗುಮಾಸ್ತರು ಪುಟ್ಟಸ್ವಾಮಿಯವ್ರು ಹಾಕ್ಬುಟ್ರು. ನಾನು ಕಣ್ಣಲ್ಲಿ ನೋಡಿಲ್ಲ, ಎಂಗೆ ಹಾಕಲಿ?’

ನನಗೆ ಸಿಟ್ಟು ಬಂತು. ನಿನ್ನೆ ಮೊನ್ನೆ ಬಂದವಳು ನನ್ನ ಮಗನ ಮೇಲೆ ನನ್ನ ಹತ್ತಿರವೇ ದೂರು ತರುತ್ತಾಳೆ.

‘ಇದು ಯಾರ ಆಫೀಸು ಗೊತ್ತೇನಮ್ಮ? ಈ ಮನೇಲಿ ಕೂತು ಹಾಕಿದ ಸಹಿ ಒಂದೂ ಇವತ್ತಿನವರೆಗೆ ಸುಳ್ಳಾಗಿಲ್ಲ. ದೊಡ್ಡವರು ಹಾಕು ಅಂದ್ರೆ ಹಾಕ್ಬೇಕು. ಹೋಗು.’

ಒಂದು ಗಳಿಗೆ ನಿಂತಳು. ಆಮೇಲೆ ಹೋದಳು. ಹಾಕಿದಳು ಎಂದು ಸಂಜೆ ವಾಗೀಶ ಹೇಳಿದ. ಒಳ್ಳೆ ಕೆಲಸ ಮಾಡ್ದೆ ಅಮ್ಮ ಅಂದ. ಈ ಕಾಲದ ಮಕ್ಕಳಿಗೆ ದಬಾಯಿಸಿ ಹೇಳುವವರು ಒಬ್ಬರು ಬೇಕು.

ಸಂಡಿಗೆ ಚೆನ್ನಾಗಿ ಒಣಗಿದೆ. ಒಂದು ಬಿಸಿಲು ಇನ್ನೂ ಬೇಕು.

ಮೇ 12, ಸೋಮವಾರ

ಗಾರ್ಗಿ ಸರಿಯಾಗಿ ಊಟ ಮಾಡುತ್ತಿಲ್ಲ. ಸೆಖೆ ಅನ್ನುತ್ತಾಳೆ.

ಮಧ್ಯಾಹ್ನ ಆಲಿಕಲ್ಲು ಮಳೆ ಬಿತ್ತು. ಇವತ್ತು ಆ ಹುಡುಗಿ ಡಬ್ಬಿ ತಂದಿರಲಿಲ್ಲ. ಜಗಲಿ ಪೂರ್ತಿ ನೆನೆದಿತ್ತು, ಬೇರೆ ದಾರಿಯಿಲ್ಲದೆ ಒಳಗೇ ಕೂರಿಸಿ ಸ್ಟೀಲ್ ತಟ್ಟೆಯಲ್ಲಿ ಬಡಿಸಿದೆ. ಹುಳಿ ಎರಡು ಸಲ ಹಾಕಿಸಿಕೊಂಡಳು. ತಟ್ಟೆಯನ್ನು ತಾನೇ ತೊಳೆದಳು, ಜೊತೆಗೆ ಗಾರ್ಗಿಯ ತಟ್ಟೆಯನ್ನೂ.

ಮೇ 14, ಬುಧವಾರ

ಮಳೆಯಿಲ್ಲ. ಮುತ್ತುಗದ ಎಲೆ ಮುಗಿದಿದೆ, ತರಿಸುವುದು ಮರೆತುಹೋಯಿತು. ಮಂಜುಶ್ರೀ ಇವತ್ತೂ ಒಳಗೇ ಉಂಡಳು. ತರಿಸಬೇಕು.

ಮೇ 19, ಸೋಮವಾರ

ಸಿದ್ದಮಲ್ಲಪ್ಪನವರು ಹೋದರಂತೆ. ವಾಗೀಶ ಹಾರ ತೆಗೆದುಕೊಂಡು ಹೋಗಿ ಬಂದ. ಒಬ್ಬ ಮಗ, ಒಬ್ಬಳು ಮಗಳು. ಮಗಳು ಗಂಡನನ್ನು ಕಳೆದುಕೊಂಡು ನಂಜನಗೂಡಿನಲ್ಲಿದ್ದಾಳೆ. ಅಪ್ಪನನ್ನು ನೋಡಿಕೊಂಡವಳು ಅವಳೇ ಎಂದು ಹಿಂದೆ ಕೇಳಿದ್ದೆ. ಎಲ್ಲವೂ ಶಾಂತವಾಗಿ ನಡೆಯಿತೇ ಎಂದು ಕೇಳಿದೆ. ವಾಗೀಶ ಟವೆಲ್ ತೆಗೆದುಕೊಂಡು ಸ್ನಾನಕ್ಕೆ ಹೋದ.

ಮೇ 30, ಶುಕ್ರವಾರ

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯಬೇಕು.

ಬೆಳಿಗ್ಗೆ ಆಫೀಸಿಗೆ ಪೊಲೀಸರು ಬಂದಿದ್ದರು. ಯೂನಿಫಾರಂ ಇಲ್ಲದೆ, ಮರ್ಯಾದೆಯಿಂದಲೇ ಬಂದರು. ವಾಗೀಶನ ಜೊತೆ ಬಾಗಿಲು ಹಾಕಿಕೊಂಡು ಮಾತಾಡಿ ಹೋದರು. ನನಗೆ ಯಾರೂ ಏನೂ ಹೇಳಲಿಲ್ಲ. ಮಂಜುಶ್ರೀ ಅಳುತ್ತಾ ಗೇಟು ದಾಟಿ ಹೋದದ್ದನ್ನು ನೋಡಿದೆ. ಗಾರ್ಗಿಯನ್ನು ನನ್ನ ಕೋಣೆಗೆ ಕರೆದು, ಬಾಗಿಲಿಗೆ ಚಿಲಕ ಹಾಕಿ, ಹೇಳು ಅಂದೆ.

ಸಿದ್ದಮಲ್ಲಪ್ಪನವರು ಒಂದು ವಿಲ್ ಮಾಡಿದ್ದಾರಂತೆ. ಮನೆ, ಅಂಗಡಿ ಎಲ್ಲ ಮಗ ಗುರುಮಲ್ಲಪ್ಪನಿಗೆ, ಮಗಳಿಗೆ ಏನೂ ಇಲ್ಲ. ಅದು ಸುಳ್ಳು ವಿಲ್ ಎಂದು ಮಗಳು ದೂರು ಕೊಟ್ಟಿದ್ದಾಳೆ. ವಿಲ್ಲಿನಲ್ಲಿ ಅವರ ಹೆಬ್ಬೆಟ್ಟಿನ ಗುರುತಿದೆ. ಕೆಳಗೆ ಇಬ್ಬರು ಸಾಕ್ಷಿಗಳು, ಪುಟ್ಟಸ್ವಾಮಿ ಮತ್ತು ಮಂಜುಶ್ರೀ. ಬರೆಸಿದವರು ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕುವುದನ್ನು ಸಾಕ್ಷಿಗಳು ಕಣ್ಣಾರೆ ನೋಡಿರಬೇಕು, ಇಲ್ಲವೇ ಹಾಕಿದ್ದು ತಾನೇ ಎಂದು ಅವರ ಬಾಯಿಂದ ಕೇಳಿರಬೇಕು, ಅದೇ ಕಾನೂನು ಎಂದು ಗಾರ್ಗಿ ವಿವರಿಸಿದಳು.

‘ಎಲ್ಲಿ ಹೆಬ್ಬೆಟ್ಟು ಹಾಕಿದ್ರು ಅಂತಿದೆ?’ ಎಂದು ಕೇಳಿದೆ.

‘ಇಲ್ಲೇ ಅಜ್ಜಿ. ಈ ಆಫೀಸಲ್ಲಿ. ಮೇ ಆರು.’

ಸಂಡಿಗೆಯ ದಿನ. ಗೇಟಿನ ಎದುರು ಕೋಲು ಹಿಡಿದು ಕೂತವಳು ನಾನು. ಸಿದ್ದಮಲ್ಲಪ್ಪನವರು ಬರಲಿಲ್ಲ. ಬಂದಿದ್ದರೆ ಹೊತ್ತು ತರಬೇಕಿತ್ತು. ನಾನು ಬಾದಾಮಿ ಹಾಲು ಕಾಯಿಸಲಿಲ್ಲ.

ಸಂಜೆ ವಾಗೀಶನನ್ನು ಕೇಳಿದೆ. ಅವನು ಸುಳ್ಳು ಹೇಳಲಿಲ್ಲ, ಅದೊಂದು ಮಾತ್ರ ಸಮಾಧಾನ. ಗುರುಮಲ್ಲಪ್ಪ ನರ್ಸಿಂಗ್ ಹೋಮಿನಿಂದ ಹೆಬ್ಬೆಟ್ಟು ಒತ್ತಿಸಿಕೊಂಡು ಕಾಗದ ತಂದಿದ್ದನಂತೆ.

‘ಮುದುಕರು ವರ್ಷಗಟ್ಟಲೆಯಿಂದ ಮಗನಿಗೇ ಅಂತ ಹೇಳ್ತಿದ್ರು ಕಣಮ್ಮ. ಅವರ ಮನಸ್ಸಲ್ಲಿದ್ದದ್ದನ್ನೇ ನಾನು ಬರೆದದ್ದು. ಸಾಕ್ಷಿ ಅನ್ನೋದು ಒಂದು ಶಾಸ್ತ್ರ. ಎಲ್ಲ ಆಫೀಸಲ್ಲೂ ಇಂಟರ್ನ್‌ಗಳ ಕೈಲೇ ಹಾಕಿಸ್ತಾರೆ.’

ನಿಮ್ಮಪ್ಪ ಹಾಗೆ ಹಾಕಿಸುತ್ತಿರಲಿಲ್ಲ ಅಂದೆ.

‘ಅಪ್ಪನ ಕಾಲ ಮುಗೀತಮ್ಮ. ಕ್ಲೈಂಟು ಹೇಳಿದ ದಿನ ಕೆಲಸ ಮಾಡಿಕೊಡದಿದ್ರೆ ಎದುರು ರಸ್ತೆಗೆ ಹೋಗ್ತಾನೆ. ಅಪ್ಪನ ಹೆಸರಿನ ಬೋರ್ಡು ನೋಡಿ ಈಗ ಯಾರೂ ಬರೋದಿಲ್ಲ.’

ರಾತ್ರಿ ಊಟ ಬೇಡವೆನಿಸಿತು. ವಾಗೀಶ ಅಜಾಗರೂಕತೆ ಮಾಡಿದ್ದಾನೆ. ಅಜಾಗರೂಕತೆ ಬೇರೆ, ಮೋಸ ಬೇರೆ. ಇದನ್ನು ಬರೆದಿಟ್ಟುಕೊಳ್ಳುತ್ತೇನೆ.

ಜೂನ್ 1, ಭಾನುವಾರ

ಮಂಜುಶ್ರೀ ಬರುತ್ತಿಲ್ಲ.

ಹೆಬ್ಬೆಟ್ಟು ಹಾಕುವುದನ್ನು ನೋಡಿದೆ ಎಂದು ಪುಟ್ಟಸ್ವಾಮಿ ಪೊಲೀಸರಿಗೆ ಹೇಳಿಬಿಟ್ಟಿದ್ದಾನೆ. ಅವನಿಗೆ ಹೆಂಡತಿ ಮಕ್ಕಳಿದ್ದಾರೆ, ಬೇರೆ ಕೆಲಸ ಸಿಗುವ ವಯಸ್ಸಲ್ಲ. ಮಂಜುಶ್ರೀ ಮಾತ್ರ ನೋಡಿಲ್ಲ ಎನ್ನುತ್ತಾಳೆ. ವಾಗೀಶ ಅವಳನ್ನು ಕರೆಸಿ ಎರಡು ಸಲ ಹೇಳಿ ನೋಡಿದನಂತೆ. ನೋಡಿದೆ ಅಂದರೆ ಅವಳಿಗೂ ಒಳ್ಳೆಯದು, ನಮಗೂ ಒಳ್ಳೆಯದು. ನೋಡಿಲ್ಲ ಅಂದರೆ ಸುಳ್ಳು ಸಾಕ್ಷಿ ಹಾಕಿದವಳು ಎಂದು ಅವಳ ಮೇಲೇ ಕೇಸು ಬೀಳುತ್ತದೆ. ಕೇಸು ಬಿದ್ದರೆ ನಾಳೆ ವಕೀಲಳಾಗಲು ಸನ್ನದು ಸಿಗುವುದು ಕಷ್ಟ. ಕರಿಕೋಟು ಹಾಕುವ ಮೊದಲೇ ಎಲ್ಲ ಮುಗಿದಂತೆ. ಅವಳ ವಯಸ್ಸು ಇಪ್ಪತ್ತೊಂದು.

ಇಷ್ಟು ಹೇಳಿ ವಾಗೀಶ ನನ್ನ ಮಂಚದ ಪಕ್ಕಕ್ಕೆ ಬಂದು ಕೂತ. ಹುಡುಗನಾಗಿದ್ದಾಗ ಮಾರ್ಕ್ಸ್‌ಕಾರ್ಡು ತೋರಿಸಲು ಹೀಗೇ ಬಂದು ಕೂರುತ್ತಿದ್ದ.

‘ಅಮ್ಮ, ಹಾಲಿನ ವಿಷಯ ಎಲ್ಲರಿಗೂ ಗೊತ್ತು. ಇನ್ಸ್‌ಪೆಕ್ಟರಿಗೂ ಗೊತ್ತು. ನಿನ್ನನ್ನ ಕೇಳೇ ಕೇಳ್ತಾರೆ. ಸಿದ್ದಮಲ್ಲಪ್ಪನವರಿಗೆ ಹಾಲು ಕೊಟ್ಟೆ ಅನ್ನು. ಅಷ್ಟು ಸಾಕು. ಶಾಮಣ್ಣನವರ ಹೆಂಡತಿ ಮಾತನ್ನ ಯಾವ ಕೋರ್ಟಲ್ಲೂ ಯಾರೂ ಅಲ್ಲಗಳೆಯೋದಿಲ್ಲ.’

ಆ ಹುಡುಗಿಯ ಗತಿ ಏನು ಎಂದು ಕೇಳಿದೆ. ಸಿದ್ದಮಲ್ಲಪ್ಪನವರ ಮಗಳ ಕಡೆಯವರು ಅವಳನ್ನು ಕೊಂಡುಕೊಂಡಿದ್ದಾರೆ ಎಂದು ಹೇಳಬೇಕಾಗುತ್ತದೆ, ಬೇರೆ ದಾರಿಯಿಲ್ಲ ಅಂದ.

ಯೋಚನೆ ಮಾಡುತ್ತೇನೆ ಅಂದೆ. ಹೌದು, ಹಾಗೆ ಅಂದೆ. ಆಗುವುದಿಲ್ಲ ಅನ್ನಲಿಲ್ಲ.

ಇವನಿಗಾಗಿ ಗೋಕುಲಂ ಕಡೆ ಹೋಮ ಮಾಡಿಸುವ ಪುರೋಹಿತರನ್ನು ಕೇಳಬೇಕೆಂದು ಸೊಸೆ ಹೇಳುತ್ತಿದ್ದಳು. ಬ್ಯಾಂಕಿನಲ್ಲಿ ಇಷ್ಟು ದೊಡ್ಡ ಹುದ್ದೆಯಲ್ಲಿರುವವಳು. ಹೋಮ ಯಾವುದಕ್ಕೆ ಎಂದು ಕೇಳಿದೆ.

ಜೂನ್ 2

ನಿನ್ನೆ ಬರೆದದ್ದನ್ನು ಓದಿದೆ. ಒಂದು ಮಾತು ತಾನೇ. ಒಂದು ಲೋಟ ಹಾಲು. ಯಾರ ಪ್ರಾಣ ಹೋಗುತ್ತದೆ? ನನ್ನ ಮಗ ಉಳಿಯುತ್ತಾನೆ, ಮನೆಯ ಹೆಸರು ಉಳಿಯುತ್ತದೆ, ಗಾರ್ಗಿಯ ಭವಿಷ್ಯ ಉಳಿಯುತ್ತದೆ. ಆ ಹುಡುಗಿ ವಕೀಲಳಾಗದಿದ್ದರೆ ಬೇರೆ ಏನಾದರೂ ಆಗುತ್ತಾಳೆ. ಹೆಣ್ಣುಮಕ್ಕಳು ಓದನ್ನು ನಡುವೆ ಬಿಟ್ಟು ಬದುಕಿಲ್ಲವೇ? ನಾನು ಬದುಕಿಲ್ಲವೇ?

ಜೂನ್ 4, ಬುಧವಾರ

ಮಂಜುಶ್ರೀಯ ಅಜ್ಜಿ ಬಂದಿದ್ದಳು. ಹೆಸರು ಬೀರಮ್ಮ. ನನಗಿಂತ ಎರಡು ಮೂರು ವರ್ಷ ದೊಡ್ಡವಳಿರಬೇಕು. ಹುಡುಗಿಯನ್ನು ಕರೆದುಕೊಂಡು ಬಂದಿರಲಿಲ್ಲ. ಒಬ್ಬಳೇ ಸಿಟಿ ಬಸ್ಸಿನಲ್ಲಿ ಬಂದು, ಯಾರನ್ನೋ ದಾರಿ ಕೇಳಿಕೊಂಡು, ಮನೆಯ ಮುಂಬಾಗಿಲಿಗೇ ಬಂದಳು. ಕೂತುಕೋ ಎಂದೆ. ನೆಲದ ಮೇಲೆ ಕೂರುತ್ತಾಳೆಂದುಕೊಂಡಿದ್ದೆ. ಕುರ್ಚಿ ಎಳೆದುಕೊಂಡು ನನ್ನ ಎದುರು ಕೂತಳು.

ಅಳುತ್ತಾಳೆ, ಕಾಲು ಹಿಡಿಯುತ್ತಾಳೆ, ಅಥವಾ ಬೈಯುತ್ತಾಳೆ ಎಂದು ಮೂರಕ್ಕೂ ಸಿದ್ಧವಾಗಿದ್ದೆ. ಯಾವುದೂ ಆಗಲಿಲ್ಲ. ಮಂಡಿನೋವಿನ ವಿಷಯ ಕೇಳಿದಳು. ನಾನು ಅವಳ ಮಂಡಿಯ ವಿಷಯ ಕೇಳಿದೆ. ಶಾಮಿಯಾನದ ಕಂಬ ಹೊತ್ತು ಹೊತ್ತು ಮಗ ಕುಮಾರಸ್ವಾಮಿಯ ಹೆಗಲು ಬಿದ್ದುಹೋಗಿದೆ, ಮಗಳನ್ನು ಓದಿಸಿದ್ದು ಅವನೇ, ತಾನು ಬೇಡ ಎಂದಿದ್ದೆ ಅಂದಳು.

ಆಮೇಲೆ ಸೆರಗು ಸರಿಮಾಡಿಕೊಂಡು ಹೇಳಿದಳು.

‘ನಮ್ ಹುಡುಗಿ ಹೇಳ್ತು. ಸೈನ್ ಹಾಕಲ್ಲ ಅಂತ ಎದ್ದು ಬಂದಿತ್ತಂತೆ. ನೀವು ಹಾಕು ಅಂದಿದ್ಕೆ ಹಾಕ್ದೆ ಅಂತು. ನಮ್ಮಟ್ಟೀಲಿ ಯಾರೂ ನಂಬ್ನಿಲ್ಲ ಕಣವ್ವ. ಅಂಥ ದೊಡ್ಡೋರು ಅಂಗಂದಾರಾ ಅಂದ್ರು. ಹೌದಾ ಅಲ್ವಾ ಅಂತ ಕೇಳ್ಬುಟ್ಟು ಓಗಮ ಅಂತ ಬಂದೆ, ಅಷ್ಟೇಯ.’

ಬೇರೆ ಏನನ್ನೂ ಕೇಳಲಿಲ್ಲ. ಬಿಡಿಸಿಕೊಡಿ ಅನ್ನಲಿಲ್ಲ.

ಹೌದು ಅಂದೆ.

ತಲೆ ಅಲ್ಲಾಡಿಸಿದಳು. ‘ಸರಿ ಬುಡು. ನಮ್ ಹುಡುಗಿ ಸುಳ್ಳಾಡಿಲ್ಲ’ ಎಂದು ಎದ್ದಳು. ಕಾಫಿ ಕುಡಿದು ಹೋಗಿ ಎಂದೆ. ಬರುವಾಗಲೇ ಕುಡಿದೆ ಅಂದಳು. ನಾನು ಗೇಟಿನವರೆಗೂ ಹೋದೆ. ಆಟೋ ಕರೆಸುತ್ತೇನೆ ಎಂದೆ, ಬೇಡ ಅಂದಳು. ನನ್ನ ಮಂಡಿ ಹೇಗಿದೆಯೋ ಅವಳದೂ ಹಾಗೇ ಇದೆ, ಬಸ್‌ಸ್ಟಾಪಿಗೆ ಹೋಗಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ತಿರುವಿನವರೆಗೆ ನೋಡುತ್ತಾ ನಿಂತಿದ್ದೆ.

ಈಗ ಗಮನಿಸಿದೆ. ಮೊದಲು ಕೂತುಕೋ ಅಂದವಳು ಆಮೇಲೆ ಕುಡಿದು ಹೋಗಿ ಅಂದಿದ್ದೇನೆ. ಇರಲಿ.

ಜೂನ್ 6, ಶುಕ್ರವಾರ

ಇನ್ಸ್‌ಪೆಕ್ಟರು ಸೋಮವಾರ ನನ್ನ ಹೇಳಿಕೆ ತೆಗೆದುಕೊಳ್ಳಲು ಮನೆಗೆ ಬರುತ್ತಾರಂತೆ. ಹೆಂಗಸರನ್ನು, ವಯಸ್ಸಾದವರನ್ನು ಠಾಣೆಗೆ ಕರೆಸುವ ಹಾಗಿಲ್ಲವಂತೆ. ವಾಗೀಶ ಆಗಲೇ ನಡುಮನೆಯ ಕುರ್ಚಿಗಳನ್ನು ಸರಿಸಿ, ತಾನು ಎಲ್ಲಿ ಕೂರಬೇಕೆಂದು ನೋಡಿಕೊಂಡ. ನನ್ನನ್ನು ಕೇಳಲಿಲ್ಲ.

ಸಂಜೆ ದೀಪ ಹಚ್ಚುವಾಗ ಗಾರ್ಗಿ ಬಂದು ನನ್ನ ಬೆನ್ನ ಹಿಂದೆ ನಿಂತಳು. ಸೋಮವಾರ ಏನು ಹೇಳುತ್ತೀಯ ಎಂದು ಕೇಳಿದಳು. ಇನ್ನೂ ಗೊತ್ತಿಲ್ಲ ಅಂದೆ. ನಿಮ್ಮಪ್ಪ ಅಜಾಗರೂಕನಾಗಿಬಿಟ್ಟ, ಬೇಕೆಂದು ಯಾರಿಗೂ ಕೆಟ್ಟದ್ದು ಮಾಡುವವನಲ್ಲ ಅಂದೆ.

‘ಅಜ್ಜಿ, ಅವತ್ತು ಅಪ್ಪ ಮೊದಲು ಕರೆದಿದ್ದು ನನ್ನನ್ನ.’

ನಾನು ತಿರುಗಿ ನೋಡಿದೆ.

‘ಪೆನ್ನು ಕೈಗೆ ಕೊಟ್ರು. ಸಿದ್ದಮಲ್ಲಪ್ಪನವರು ಎಲ್ಲಿ ಅಪ್ಪ ಅಂತ ಕೇಳ್ದೆ. ನನ್ನ ಮುಖಾನೇ ನೋಡಿದ್ರು. ಆಮೇಲೆ ಪೆನ್ನು ವಾಪಸ್ ತಗೊಂಡು, ನೀನು ಬೇಡ, ನಾಳೆ ನಿಂಗೆ ತೊಂದರೆ ಆಗುತ್ತೆ, ಆ ಹುಡುಗೀನ ಕಳಿಸು ಅಂದ್ರು. ನಾನೇ ಹೋಗಿ ಮಂಜುಶ್ರೀನ ಕರ್ಕೊಂಡು ಬಂದೆ.’

ಅಳುತ್ತಿದ್ದಳು. ತಾನೂ ಹೇಳಿಕೆ ಕೊಡಬೇಕೆಂದಿದ್ದಾಳೆ, ಆದರೆ ಅಪ್ಪನ ಮುಖ ನೋಡಿದರೆ ಧೈರ್ಯ ಬರುತ್ತಿಲ್ಲ ಅಂದಳು. ಅವಳನ್ನು ಬೈಯಲಿಲ್ಲ. ಸಮಾಧಾನವನ್ನೂ ಮಾಡಲಿಲ್ಲ. ಬತ್ತಿ ಸರಿಮಾಡಿ, ಮುಖ ತೊಳೆದುಕೊಂಡು ಬಾ ಅಂದೆ.

ಮೊದಲು ನನಗಾದದ್ದು ಸಂತೋಷ. ಬರೆದುಬಿಡುತ್ತೇನೆ. ನಮ್ಮ ಗಾರ್ಗಿ ಉಳಿದಳಲ್ಲ ಎಂಬ ಸಂತೋಷ. ದೇವರ ಮುಂದೆ ನಿಂತುಕೊಂಡೇ ಸಂತೋಷಪಟ್ಟೆ. ಅದು ಕರಗಿದ ಮೇಲೆ ಉಳಿದ ಮಾತು ಒಂದೇ. ತೊಂದರೆಯಾಗುತ್ತದೆ ಎಂದು ವಾಗೀಶನಿಗೆ ಗೊತ್ತಿತ್ತು. ಗೊತ್ತಿದ್ದೇ ತನ್ನ ಮಗಳ ಕೈಯಿಂದ ಪೆನ್ನು ತೆಗೆದುಕೊಂಡು ಇನ್ನೊಬ್ಬರ ಮಗಳ ಕೈಗೆ ಕೊಟ್ಟ. ಆ ಮಗಳು ಹಾಕಲಾರೆ ಎಂದು ಎದ್ದು ಬಂದಾಗ ತಿರುಗಿ ಕಳಿಸಿದವಳು ನಾನು.

ಅಜಾಗರೂಕತೆ ಎಂದು ಬರೆದಿದ್ದೆ. ಆ ಪದವನ್ನು ಹೊಡೆದುಹಾಕಿದೆ.

ಜೂನ್ 8, ಭಾನುವಾರ

ವಾಗೀಶನಿಗೆ ಇವತ್ತು ಒಂದು ಅವಕಾಶ ಕೊಟ್ಟೆ. ಊಟವಾದ ಮೇಲೆ ಕೂರಿಸಿಕೊಂಡು, ನೀನೇ ಹೋಗಿ ಹೇಳು, ತಪ್ಪಾಯಿತು, ಹುಡುಗಿಯದು ಏನೂ ಇಲ್ಲ ಎಂದು ಹೇಳು, ಆಗುವುದು ಆಗಲಿ, ನಾನು ನಿನ್ನ ಜೊತೆಯಲ್ಲಿ ಬರುತ್ತೇನೆ ಅಂದೆ. ಒಡವೆ, ಮನೆ ಎಲ್ಲ ಮಾರಿಯಾದರೂ ಒಳ್ಳೆಯ ವಕೀಲರನ್ನಿಡೋಣ ಅಂದೆ.

ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ದಣಿದವನ ಹಾಗೆ ಹೇಳಿದ.

‘ನಾನು ಹೋದ್ರೆ ನನ್ನ ಸನ್ನದು ಹೋಗುತ್ತಮ್ಮ. ಅವಳದು ಇನ್ನೂ ಬಂದೇ ಇಲ್ಲ.’

ಬೇರೆ ಮಾತೇ ಬೇಕಿರಲಿಲ್ಲ.

ಗಾರ್ಗಿಯನ್ನು ಕರೆದು, ಮನೆಗೆ ಅವರು ಬರುವ ಬದಲು ನಾನೇ ಠಾಣೆಗೆ ಹೋದರೆ ತೆಗೆದುಕೊಳ್ಳುತ್ತಾರೆಯೇ ಎಂದು ಕೇಳಿದೆ. ತೆಗೆದುಕೊಳ್ಳುತ್ತಾರೆ ಅಂದಳು. ಯಾಕೆ ಎಂದು ಕೇಳಲಿಲ್ಲ. ಬುದ್ಧಿವಂತೆ.

ಜೂನ್ 9, ಸೋಮವಾರ

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಸ್ನಾನ ಮಾಡಿ, ಪೂಜೆ ಮುಗಿಸಿ, ಮೈಸೂರು ಸಿಲ್ಕ್ ಸೀರೆ ಉಟ್ಟೆ. ಕದ್ದು ಹೋದವಳ ಹಾಗೆ ಹೋಗಬಾರದೆಂದು ಮುಂಬಾಗಿಲಿನಿಂದಲೇ, ವಾಗೀಶ ಪೇಪರು ಓದುತ್ತಿದ್ದ ಎದುರಿನಿಂದಲೇ ಹೊರಟೆ. ಎಲ್ಲಿಗಮ್ಮ ಅಂದ. ಠಾಣೆಗೆ ಅಂದೆ. ಪೇಪರು ಕೆಳಗಿಳಿಸಿ ನನ್ನನ್ನು ನೋಡಿದ. ತಡೆಯಲಿಲ್ಲ. ಗಾರ್ಗಿ ಆಟೋ ತಂದಳು. ಒಬ್ಬಳೇ ಹತ್ತಿದೆ. ಅವಳು ಚಪ್ಪಲಿ ಹಾಕಿಕೊಂಡು ಗೇಟಿನ ಹತ್ತಿರ ನಿಂತವಳು, ಆಟೋ ಹೊರಡುವ ಹೊತ್ತಿಗೆ ಬಂದು ಪಕ್ಕದಲ್ಲಿ ಕೂತಳು. ನಾನು ಜರುಗಿ ಜಾಗ ಕೊಟ್ಟೆ.

ಇನ್ಸ್‌ಪೆಕ್ಟರು ಎದ್ದು ನಿಂತು ನಮಸ್ಕಾರ ಮಾಡಿದರು. ಶಾಮಣ್ಣನವರ ಮನೆಯವರು ಇಲ್ಲಿಗೆ ಬರುವುದೇ, ನಾವೇ ಬರುತ್ತಿದ್ದೆವಲ್ಲ ಅಂದರು. ನನ್ನ ಮನೆಯಲ್ಲಿ ಹೇಳಿದರೆ ಮಗ ಪಕ್ಕದಲ್ಲಿ ಕೂತಿರುತ್ತಾನೆ, ಅದಕ್ಕೆ ಬಂದೆ ಅಂದೆ. ಅವರು ಬಾಗಿಲು ಮುಚ್ಚಿಸಿದರು.

ಹೇಳಿದೆ. ಮೇ ಆರನೇ ತಾರೀಕು ಬೆಳಿಗ್ಗೆಯಿಂದ ಸಂಜೆವರೆಗೆ ಗೇಟಿನ ಎದುರು ಕೂತಿದ್ದೆ. ಸಿದ್ದಮಲ್ಲಪ್ಪನವರು ಬರಲಿಲ್ಲ. ಬಂದವನು ಗುರುಮಲ್ಲಪ್ಪ ಒಬ್ಬನೇ. ಅಪ್ಪ ನರ್ಸಿಂಗ್ ಹೋಮಿನಲ್ಲಿ ಮಾತಿಲ್ಲದೆ ಮಲಗಿದ್ದಾರೆ ಎಂದು ಅವನೇ ಹೇಳಿದ. ನಾನು ಅವತ್ತು ಯಾರಿಗೂ ಹಾಲು ಕೊಟ್ಟಿಲ್ಲ. ಮಂಜುಶ್ರೀ ಸಹಿ ಹಾಕಲು ಒಪ್ಪದೆ ನನ್ನ ಬಳಿ ಬಂದಿದ್ದಳು. ಹಾಕು ಎಂದು ದಬಾಯಿಸಿ ಕಳಿಸಿದವಳು ನಾನು.

ಕೊನೆಯ ಮಾತು ಬರುವಾಗ ಇನ್ಸ್‌ಪೆಕ್ಟರು ಬರೆಯುತ್ತಿದ್ದ ಪೇದೆಗೆ ಕೈ ಅಡ್ಡ ಮಾಡಿದರು.

‘ಅದು ಬೇಡ ಬಿಡಿ ಅಮ್ಮ. ನಿಮ್ಮ ತಲೆ ಮೇಲೂ ಬರುತ್ತೆ.’

‘ಬರಲಿ. ಬರೀರಿ’ ಅಂದೆ.

ಬರೆದರು. ಆ ಹುಡುಗಿ ಹೇಳಿದ್ದೂ ಅಕ್ಷರಶಃ ಇದೇ, ಇಷ್ಟು ದಿನ ಅವಳ ಮಾತಿಗೆ ಜೊತೆಯಿರಲಿಲ್ಲ ಅಂದರು. ನನ್ನ ಸಹಿ ಈಗ ಬೇಕಿಲ್ಲವಂತೆ, ಮುಂದೆ ಮ್ಯಾಜಿಸ್ಟ್ರೇಟರ ಮುಂದೆ ಇದನ್ನೇ ಹೇಳಬೇಕಾಗುತ್ತದಂತೆ. ಹೇಳುತ್ತೇನೆ ಅಂದೆ. ಗಾರ್ಗಿ ಆಮೇಲೆ ಒಳಗೆ ಹೋದಳು. ನಾನು ಹೊರಗಿನ ಬೆಂಚಿನ ಮೇಲೆ ಕಾದೆ. ಅವಳು ಏನು ಹೇಳಿದಳು ಎಂದು ಕೇಳಿಲ್ಲ. ಹೊರಬಂದಾಗ ತುಟಿ ಬಿಳಚಿಕೊಂಡಿತ್ತು, ಆದರೆ ಅಳುತ್ತಿರಲಿಲ್ಲ.

ನಾವು ಮನೆಗೆ ಬರುವಷ್ಟರಲ್ಲಿ ವಾಗೀಶನಿಗೆ ಯಾರೋ ಫೋನ್ ಮಾಡಿದ್ದರು. ಆಫೀಸಿಗೆ ಬೀಗ ಹಾಕಿತ್ತು. ಪುಟ್ಟಸ್ವಾಮಿಯ ಸೈಕಲ್ ಇರಲಿಲ್ಲ. ಸೊಸೆ ಬ್ಯಾಂಕಿಗೆ ಹೋಗಿದ್ದಳು. ಗಾರ್ಗಿ ತನ್ನ ಕೋಣೆ ಸೇರಿದಳು. ನಾನು ಸೀರೆ ಬದಲಾಯಿಸಿ, ಸಾರು ಬಿಸಿಮಾಡಿ, ಎರಡು ತಟ್ಟೆ ಇಟ್ಟು ವಾಗೀಶನನ್ನು ಕರೆದೆ. ಬಂದು ಕೂತ. ಬಡಿಸಿದೆ. ಅನ್ನಕ್ಕೆ ಕೈ ಹಾಕದೆ ಕೂತಿದ್ದ.

‘ಏನು ಹೇಳಿದೆ?’

‘ನೋಡಿದ್ದನ್ನ ಹೇಳಿದೆ.’

‘ನಾನು ನಿನ್ನ ಮಗ ಅನ್ನೋದು ನೆನಪಿತ್ತೇನಮ್ಮ?’

‘ಅದನ್ನೂ ಬರೆಸಿದ್ದೀನಿ. ವಾಗೀಶ ನನ್ನ ಮಗ. ಮೊದಲನೇ ಸಾಲೇ ಅದು.’

ಅವನು ತಟ್ಟೆ ಬಿಟ್ಟು ಎದ್ದ. ನಾನು ಕೂತು ನನ್ನ ಊಟ ಮುಗಿಸಿದೆ.